ಒಂದಂಕಿಗೆ ಮೂರ್ಛೆ ಹೋದ ಕಾರ್ಡು

ಸಣ್ಣ ಕಚೇರಿಯೊಂದರ ಸರ್ವರ್ ನೋಡಿಕೊಳ್ಳುವ ಓದುಗರೊಬ್ಬರು ಕೇಳಿದ್ದಾರೆ: "ಮದರ್‌ಬೋರ್ಡಿನ ಜೊತೆಗೇ ಬಂದ ನೆಟ್‌ವರ್ಕ್ ಪೋರ್ಟ್ ಸಾಕೇ, ಬೇರೆ ಕಾರ್ಡ್ ಹಾಕಿಸಬೇಕೇ? ಹಾಕಿಸಿದರೆ ಎಷ್ಟು ಗಿಗಾಬಿಟ್‌ನದು?" ಎಷ್ಟು ಗಿಗಾಬಿಟ್ ಅನ್ನುವುದನ್ನು ಅಂಗಡಿಯವನೇ ಹೇಳುತ್ತಾನೆ, ಬಿಡಿ. ಆ ಕಾರ್ಡನ್ನು ನಂಬಬಹುದೇ ಅನ್ನುವುದು ಬೇರೆ ಮಾತು.

2013ರ ಫೆಬ್ರವರಿಯಲ್ಲಿ ಕ್ರಿಸ್ಟಿಯನ್ ಕೀಲ್‌ಹಾಫ್ನರ್ ಎಂಬ ಎಂಜಿನಿಯರ್ ತನ್ನ ಪತ್ತೇದಾರಿಕೆಯ ಕತೆ ಬರೆದ. ಇಂಟರ್‌ನೆಟ್ ಫೋನ್ ಕರೆಗಳನ್ನು ನಿಭಾಯಿಸುವ ಅವನ ಯಂತ್ರಗಳಲ್ಲಿ ನೆಟ್‌ವರ್ಕ್ ಪೋರ್ಟ್ ಇದ್ದಕ್ಕಿದ್ದಂತೆ ಸತ್ತುಹೋಗುತ್ತಿತ್ತು. ರೀಬೂಟ್ ಮಾಡಿದರೂ ಏಳದು. ಕರೆಂಟನ್ನೇ ಒಮ್ಮೆ ತೆಗೆದು ಮತ್ತೆ ಕೊಡಬೇಕು. ಒಳಗಿದ್ದದ್ದು ಇಂಟೆಲ್‌ನ 82574ಎಲ್ ಚಿಪ್, ಸರ್ವರ್ ಮಂದಿಯ ಮೆಚ್ಚಿನದು. ಹೋಗಿಬರುವ ಪ್ಯಾಕೆಟ್‌ಗಳನ್ನೆಲ್ಲ ಹಿಡಿದಿಟ್ಟು ಸೋಸಿದಾಗ ಸಿಕ್ಕ ಅಪರಾಧಿ ಒಂದೇ ಒಂದು ಬೈಟ್. ಪ್ಯಾಕೆಟ್‌ನಲ್ಲಿ ಸೊನ್ನೆಯಿಂದ ಎಣಿಸಿದರೆ 1151ನೆಯ ಜಾಗದಲ್ಲಿ '2' ಅಥವಾ '3' ಎಂಬ ಅಕ್ಷರ ಬಂದರೆ ಕಾರ್ಡ್ ಮೂರ್ಛೆ. '1' ಬಂದರೆ ಏನೂ ಆಗದು. ತಮಾಷೆಯೆಂದರೆ, ಮೊದಲೇ '4' ಬಂದುಬಿಟ್ಟರೆ ಲಸಿಕೆ ಹಾಕಿಸಿಕೊಂಡ ಹಾಗೆ: ಆಮೇಲೆ '2' ಬಂದರೂ ಜಗ್ಗದು!

ಇಂಟೆಲ್ ಕೊಟ್ಟ ಉತ್ತರ: ಚಿಪ್‌ನಲ್ಲಿ ದೋಷವಿಲ್ಲ, ಮದರ್‌ಬೋರ್ಡ್ ಮಾಡಿದವರು ಅದರ ಪಕ್ಕದ ಪುಟ್ಟ ಮೆಮೊರಿಯಲ್ಲಿ ತಪ್ಪು ಸೆಟ್ಟಿಂಗ್ ತುಂಬಿದ್ದಾರೆ. ಹಾಗಾಗಿ ಅದೇ ಚಿಪ್ ಬೇರೆ ಬೋರ್ಡ್‌ಗಳಲ್ಲಿ ಸುಖವಾಗಿತ್ತು. ಒಂದೇ ಅಕ್ಕಿ, ಅಡುಗೆಯವರು ಬೇರೆ.

ಅಡುಗೆಯವರದೂ ತಪ್ಪಿಲ್ಲದ ಪ್ರಸಂಗ 2008ರದು. ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿ ಹಾಕಿದವರ ಇಂಟೆಲ್ ಕಾರ್ಡ್‌ಗಳಲ್ಲಿ ಇಂಥದೇ ಮೆಮೊರಿ ಅಳಿಸಿಹೋಗತೊಡಗಿತು. ಎಲ್ಲರ ಬೆರಳು ಕಾರ್ಡಿನ ಡ್ರೈವರ್ ಕಡೆಗೆ. ಕೊನೆಗೆ ಸಿಕ್ಕಿಬಿದ್ದದ್ದು ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗಿನ, ಕಾರ್ಡಿಗೆ ಸಂಬಂಧವೇ ಇಲ್ಲದ ಎಫ್‌ಟ್ರೇಸ್ ಎಂಬ ತಪಾಸಣಾ ಸಲಕರಣೆ.

ಹಾಗಂತ ಅಗ್ಗದ ಕಾರ್ಡೂ ದುಬಾರಿಯದೂ ಒಂದೇ ಎನ್ನಲಾಗದು. ಒಂದು ಗಿಗಾಬಿಟ್ ತಂತಿಯಲ್ಲಿ ಅತಿ ಚಿಕ್ಕ, 64 ಬೈಟ್‌ಗಳ ಪ್ಯಾಕೆಟ್‌ಗಳೇ ಸಾಲಾಗಿ ಬಂದರೆ ಸೆಕೆಂಡಿಗೆ ಸುಮಾರು 14.88 ಲಕ್ಷ. ಕಾಗದ ಬಂದಾಗಲೆಲ್ಲ ಅಂಚೆಯಣ್ಣ ಬೆಲ್ ಒತ್ತಿದರೆ ಮನೆಯವರು ಬೇರೆ ಕೆಲಸ ಮಾಡಿದ ಹಾಗೇ! ಒಳ್ಳೆಯ ಕಾರ್ಡ್ ಒಂದಷ್ಟು ಕಟ್ಟು ಕಟ್ಟಿ ಒಮ್ಮೆ ಬೆಲ್ ಒತ್ತುತ್ತದೆ, ಕಟ್ಟುಗಳನ್ನು ಪ್ರೊಸೆಸರಿನ ಬೇರೆ ಬೇರೆ ಕೋರ್‌ಗಳಿಗೆ ಹಂಚುತ್ತದೆ. ನಿಮ್ಮ ದುಡ್ಡು ಹೋಗುವುದು ಇದಕ್ಕೆ. ಡಬ್ಬಿಯ ಮೇಲಿನ 'ಎಂಟರ್‌ಪ್ರೈಸ್' ಪದಕ್ಕೆ ನಾನಂತೂ ಐದು ಪೈಸೆ ಹೆಚ್ಚಿಗೆ ಕೊಡಲಾರೆ.

ಈಗ ಓದುಗರ ಪ್ರಶ್ನೆಗೆ ಉತ್ತರ. ಮಾರುಕಟ್ಟೆಗೆ ಬಂದು ನಾಲ್ಕಾರು ವರ್ಷ ಕಳೆದ, ಡ್ರೈವರ್ ಕರ್ನಲ್‌ನಲ್ಲೇ ಇರುವ ಚಿಪ್ ಆರಿಸಿ. ನಕಲಿ ಮಾಲೂ ಓಡಾಡುತ್ತಿದೆ. ಅರ್ಧ ಬೆಲೆಗೆ ಸಿಕ್ಕರೆ ಖುಷಿಪಡಬೇಡಿ. ಮದರ್‌ಬೋರ್ಡಿನ ಪೋರ್ಟನ್ನು ಬಿಸಾಡಬೇಕಿಲ್ಲ, ಹೊಸ ಕಾರ್ಡಿನ ಜೊತೆಗೆ ಅದೂ ಇರಲಿ. ಆದರೆ ಎರಡರಲ್ಲೂ ಒಂದೇ ಚಿಪ್ ಇರದಂತೆ ನೋಡಿಕೊಳ್ಳಿ. ಒಂದನ್ನು ಮಲಗಿಸಿದ ಪ್ಯಾಕೆಟ್ ಇನ್ನೊಂದನ್ನೂ ಮಲಗಿಸೀತು.