ಕಡಲಿಗೆ ಹೊರಟಾಗ ಅತ್ತೆಯೂ ಜೊತೆಗಿರಲಿ

ಬೆಂಗಳೂರಿನಿಂದ ಮೈದುನ ಫೋನ್ ಮಾಡಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಯೆಲ್ಲ ಹಿಟ್ಟಾಗಿತ್ತೆಂದು ಫೋನಿನ ಸ್ಪೀಕರ್ ಹಾಕಿದ್ದೆ.

"ವೈನಿ, ಹೊಸ ವರ್ಷಕ್ಕ ಗೋಕರ್ಣಕ್ಕ ಹೋಗೂಣು. ನಾವು ಇಲ್ಲಿಂದ ರೈಲಿಗೆ ಬರ್ತೀವಿ, ನೀವು ಹಾನಗಲ್ಲಿಂದ ಸೀದಾ ಅಲ್ಲಿಗೇ ಬಂದ್ಬಿಡ್ರಿ. ದಂಡಿ ಮ್ಯಾಲೆ ರಿಸಾರ್ಟ್ ನೋಡೇನಿ."

"ಮತ್ತ ಅವ್ವ?"

"ಅವ್ವಗ ಮೊಣಕಾಲು ನೋವು, ಆಗೂದಿಲ್ಲ. ಎರಡು ದಿನ ಸವಣೂರಾಗ ಅಕ್ಕನ ಮನ್ಯಾಗ ಇರ್ಲಿ."

ಅತ್ತೆ ಅಲ್ಲೇ ಕೂತು ಮೆಂತ್ಯ ಪಲ್ಯ ಸೋಸುತ್ತಿದ್ದರು. ಮಗನ ಮಾತು ಕೇಳಿಯೂ ಕೇಳದವರ ಹಾಗೆ ಸೋಸುತ್ತಲೇ ಇದ್ದರು.

ಸೋದರಿಯರೇ, ಇಂಥ ಮಾತು ನಿಮ್ಮ ಮನೆಯಲ್ಲೂ ನಡೆದಿರಬಹುದು. ಬೆಂಗಳೂರಿನಿಂದ ಗೋಕರ್ಣ ಸುಮಾರು 500 ಕಿಲೋಮೀಟರ್. ನಮ್ಮ ಹಾನಗಲ್ಲಿನಿಂದ 150ರ ಒಳಗೇ. ಅಷ್ಟು ದೂರದವರು ವರ್ಷಕ್ಕೊಮ್ಮೆ ಬಂದು ಕಡಲು ನೋಡಿ ಹೋಗುತ್ತಾರೆ. ಎಪ್ಪತ್ತೆರಡು ವರ್ಷದ ಅತ್ತೆ ಸವದತ್ತಿ ಎಲ್ಲಮ್ಮ, ಹಂಪಿ, ಶಿರಸಿ ಮಾರಿಕಾಂಬೆ ಜಾತ್ರೆ ಎಲ್ಲ ಕಂಡವರು; ಆದರೆ ಶಿರಸಿ ದಾಟಿ ಘಟ್ಟ ಇಳಿದವರಲ್ಲ.

ಅಂದು ರಾತ್ರಿ ಅವರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಮೆಲ್ಲಗೆ ಕೇಳಿದೆ. "ಅತ್ತಿ, ಖರೇ ಹೇಳ್ರಿ, ಕಾಲು ನೋವಿಗೇ ಎಲ್ಲೂ ಬರೂದಿಲ್ಲ ಅಂತೀರೇನು?" ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಾಲಿಂದೇನವಾ, ಹೆಂಗರ ಎಳಕೊಂಡು ಬರ್ತೇನಿ. ತಾಸಿಗೊಮ್ಮೆ ಒಂದಕ್ಕ ಹೋಗಬೇಕಾಗ್ತದ. ಗಾಡ್ಯಾಗ ಗಂಡಸರಿರ್ತಾರ. ನಿಲ್ಲಸ್ರಿ ಅಂತ ಹೆಂಗ ಕೇಳ್ಲಿ?" ಅಂದರು.

ನನಗೆ ಕೈ ಆಡಲಿಲ್ಲ. ಎಷ್ಟು ಮದುವೆ, ಎಷ್ಟು ಜಾತ್ರೆಗಳನ್ನು ಇದೊಂದಕ್ಕಾಗಿ ಬಿಟ್ಟರೋ! ನಾವೂ ಅಷ್ಟೇ ಅಲ್ಲವೇ, ಬಸ್ಸು ಹತ್ತುವ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತೇವೆ. ಉರಿಮೂತ್ರ, ಸೋಂಕು ಬರುವುದಕ್ಕೆ ಅದೂ ಒಂದು ಕಾರಣ.

ಮರುದಿನ ಮೈದುನನಿಗೆ ನಾನೇ ಫೋನ್ ಮಾಡಿದೆ. ಅವ್ವನನ್ನು ಬಿಟ್ಟು ನಾವು ಬರುವುದಿಲ್ಲ, ಹೊಸ ವರ್ಷದ ಗದ್ದಲವೂ ಬೇಡ, ಸಂಕ್ರಾಂತಿ ಮುಗಿಯಲಿ ಎಂದೆ. ರಿಸಾರ್ಟಿನ ಬಾಡಿಗೆಯೂ ಆಗ ಇಳಿದಿರುತ್ತದೆ. ಬೆಂಗಳೂರಿನಿಂದ ಕಾರವಾರಕ್ಕೆ ಸಂಜೆ ಹೊರಟು ಬೆಳಿಗ್ಗೆ ಮುಟ್ಟುವ ಪಂಚಗಂಗಾ ಎಕ್ಸ್‌ಪ್ರೆಸ್ 2020ರಲ್ಲಿ ಶುರುವಾಗಿದೆ. ಸೀದಾ ಕರಾವಳಿಗೆ ಹೋಗುವವರಿಗೆ ಅದೇ ಸುಖ. ಆದರೆ ನಮ್ಮವರು ಹುಬ್ಬಳ್ಳಿ ಕಡೆಯ ರಾತ್ರಿ ರೈಲಿಗೆ ಹಾವೇರಿಯಲ್ಲಿಳಿದು ಮನೆಗೆ ಬಂದರು. ಒಂದು ದಿನ ದಣಿವಾರಿಸಿಕೊಂಡು ಎಲ್ಲರೂ ಕೂಡಿಯೇ ಹೊರಟೆವು.

2023ರ ಜೂನಿನಿಂದ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ದುಡ್ಡಿಲ್ಲ ನಿಜ. ಮೈಯಲ್ಲಿ ಕಸುವಿದ್ದವರು ಆಧಾರ್ ಕಾರ್ಡ್ ಹಿಡಿದು ಹೊರಡಿ. ನಾವು ಮಾತ್ರ ಅತ್ತೆಯ ಸಲುವಾಗಿ ಕ್ರೂಸರ್ ಗಾಡಿ ಮಾಡಿದೆವು. ಗಾಡಿಯವನಿಗೆ ಮೊದಲೇ ಹೇಳಿದ್ದೆ: ತಾಸಿಗೊಮ್ಮೆ ನಿಲ್ಲಿಸಬೇಕು, ಗೊಣಗಬಾರದು. ಶಿರಸಿಯಲ್ಲಿ ಒಮ್ಮೆ, ದೇವಿಮನೆ ಘಟ್ಟ ಇಳಿಯುವ ಮುಂಚೆ ಒಮ್ಮೆ, ಕುಮಟಾದ ಹೋಟೆಲಿನಲ್ಲಿ ಒಮ್ಮೆ. ಪ್ರತಿ ಸಲವೂ "ನನಗ ಹೋಗಬೇಕು" ಎಂದು ಮೊದಲು ಇಳಿಯುತ್ತಿದ್ದವಳು ನಾನು, ಹಿಂದಿನಿಂದ ಅತ್ತೆ. ಒಂದು ಚೊಂಬು, ಹಳೆಯ ಸೀರೆಯ ಮೆತ್ತನ್ನ ತುಂಡುಗಳು, ಒಂದು ಬದಲಿ ಸೀರೆ ಕೈಗೆ ಸಿಗುವಂತೆ ಇಟ್ಟುಕೊಂಡಿದ್ದೆ.

ಹಿರೇಕೆರೂರಿನ ನನ್ನ ತಂಗಿ ಶಿರಾಳಕೊಪ್ಪ, ಸಾಗರದ ಮೇಲೆ ಹೊನ್ನಾವರಕ್ಕೆ ಇಳಿಯುತ್ತಾಳೆ, ದಾರಿಯಲ್ಲಿ ಜೋಗವೂ ಆಗುತ್ತದೆ. ಶಿಗ್ಗಾವಿಯವರು ಮುಂಡಗೋಡದ ಮೇಲೆ ಶಿರಸಿ ಹಿಡಿಯಬಹುದು. ಎಲ್ಲಿಂದ ಹೊರಟರೂ ಮಳೆಗಾಲದಲ್ಲಿ ಬೇಡ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದದ್ದು ನೆನಪಿದೆಯಲ್ಲ.

ಬುತ್ತಿಯ ವಿಷಯ ನಿಮಗೆ ನಾನೇನು ಹೇಳಲಿ! ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇರುತ್ತವೆ. ಮೊಸರನ್ನಕ್ಕೆ ಮಾತ್ರ, ಅನ್ನ ಮೆತ್ತಗೆ ಮಾಡಿ ಹಿಸುಕಿ, ಉಗುರುಬೆಚ್ಚಗಾದ ಮೇಲೆ ಹಾಲು ಧಾರಾಳವಾಗಿ ಹಾಕಿ ಮೊಸರು ಒಂದೇ ಚಮಚ ಬೆರೆಸಿ. ಮಧ್ಯಾಹ್ನಕ್ಕೆ ಹುಳಿಯಾಗದೆ ಹದವಾಗಿರುತ್ತದೆ. ಸವಣೂರಿನ ಖಾರ ಘಟ್ಟ ಇಳಿದ ಮೇಲೆಯೇ ಬಿಚ್ಚಿರಿ. ನಮ್ಮ ಮೈದುನನ ಮಗ ಮೊದಲೇ ತಿಂದು ದೇವಿಮನೆಯ ತಿರುವಿನಲ್ಲಿ ಎಲ್ಲ ಕಾರಿಕೊಂಡ.

ರಿಸಾರ್ಟ್ ಗೊತ್ತು ಮಾಡುವಾಗ ಚಿತ್ರ ನೋಡಿ ಮರುಳಾಗಬೇಡಿ. ಫೋನ್ ಹಚ್ಚಿ ಮೂರು ಮಾತು ಕೇಳಿ: ನೆಲಮಾಳಿಗೆಯಲ್ಲದೆ ನೆಲಮಟ್ಟದಲ್ಲೇ ಕೋಣೆ ಉಂಟೇ, ಕುರ್ಚಿಯಂಥ ಕಮೋಡ್ ಉಂಟೇ, ಕಡಲಿಗೆ ಎಷ್ಟು ಹೆಜ್ಜೆ. ಮೈದುನ ಮೊದಲು ನೋಡಿದ್ದು ಓಂ ಬೀಚಿನ ಕಡೆ. ಅಲ್ಲಿ ಮೆಟ್ಟಿಲು ಇಳಿಯಬೇಕು. ಊರೊಳಗಿನ ಮುಖ್ಯ ಕಡಲತೀರವೇ ನಮಗೆ ಸರಿಹೋಯಿತು. ಮಹಾಬಲೇಶ್ವರನ ಗುಡಿಯಿಂದ ನಾಲ್ಕು ಹೆಜ್ಜೆ, ಸಮತಟ್ಟಾದ ಮರಳು.

ನೀರಿನ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳಲಿಲ್ಲ. 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಮುರ್ಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿದ್ದವರಿಗೆ ಅದು ಮರೆಯುವಂಥದ್ದೇ? ಕೆಂಪು ಬಾವುಟ ಕಂಡರೆ ಇಳಿಯಬೇಡಿ, ಕಾವಲಿನವರು ಸೀಟಿ ಊದಿದರೆ ಹಿಂದೆ ಬನ್ನಿ, ಮಕ್ಕಳನ್ನು ಮೊಣಕಾಲಿನ ಮೇಲಿನ ನೀರಿಗೆ ಬಿಡಬೇಡಿ. ಸೀರೆ ನೆನೆದರೆ ಕಲ್ಲಿನಂತೆ ಭಾರವಾಗಿ ಕಾಲಿಗೆ ಸುತ್ತುತ್ತದೆ, ಮೇಲೆತ್ತಿ ಸಿಗಿಸಿಕೊಳ್ಳಿ.

ಸಂಜೆ ಐದರ ಹೊತ್ತಿಗೆ ನಾನೊಂದು ಕೈ, ನೆಗೆಣ್ಣಿಯೊಂದು ಕೈ ಹಿಡಿದು ಅತ್ತೆಯನ್ನು ನೀರಿನ ಅಂಚಿಗೆ ಕರೆದೊಯ್ದೆವು. ಪಾದ ತೋಯಿಸಿದ ತೆರೆ ಹಿಂದೆ ಸರಿದಾಗ ಕಾಲಡಿಯ ಮರಳೂ ಜಾರಿತು. "ಅಯ್ಯ, ನೆಲಾನ ಹೊಂಟತಲ್ಲs!" ಎಂದು ಹುಡುಗಿಯ ಹಾಗೆ ಕೂಗಿದರು. ಮೈದುನ ಹಿಂದೆ ನಿಂತು ಫೋಟೋ ತೆಗೆಯುತ್ತಿದ್ದವನು ಯಾಕೋ ಆ ಕಡೆ ಮುಖ ತಿರುವಿದ.

ಎರಡನೆಯ ದಿನ ಮರಳಿ ಬರುವಾಗ ಘಟ್ಟ ಹತ್ತಿ ಇನ್ನೂ ಶಿರಸಿ ಬಂದಿರಲಿಲ್ಲ. ನನಗೆ ಸಣ್ಣ ಜೊಂಪು ಹತ್ತಿತ್ತು. ಮುಂದಿನ ಸೀಟಿನಿಂದ ಅತ್ತೆಯ ದನಿ ಕೇಳಿ ಎಚ್ಚರಾಯಿತು.

"ತಮ್ಮಾ, ಗಾಡಿ ನಿಲ್ಲಸಪಾ. ನನಗ ಇಳೀಬೇಕಾಗೇತಿ."