ಪಾಡ್‌ಕಾಸ್ಟ್ ಕೇಳಿ: ನೇಪಥ್ಯದವರ ಸಂಘಕ್ಕೆ ದುಡಿದವರಿಗೂ ಒಂದು ಸನ್ಮಾನ



ನಾಟಕ ಮುಗಿಯುತ್ತೆ. ಕಲಾವಿದರು ಸಾಲಾಗಿ ನಿಂತು ಕೈಮುಗಿಯುತ್ತಾರೆ. ನಿರ್ದೇಶಕರನ್ನು ವೇದಿಕೆಗೆ ಕರೆಯುತ್ತಾರೆ, ಚಪ್ಪಾಳೆ ಬೀಳುತ್ತೆ. ಆಮೇಲೆ ಬೆಳಕು ಯಾರದು, ರಂಗಸಜ್ಜಿಕೆ ಯಾರದು, ಪ್ರಸಾಧನ ಯಾರದು ಅಂತ ಹೆಸರು ಓದುವ ಹೊತ್ತಿಗೆ ಅರ್ಧ ಜನ ಬಾಗಿಲ ಹತ್ತಿರ ಇರುತ್ತಾರೆ. ಇದು ಎಲ್ಲ ಊರಿನ ಕಥೆ. ಇವತ್ತು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗೋಣ. ಈ ನೇಪಥ್ಯದವರೆಲ್ಲ ಸೇರಿ ಕಟ್ಟಿಕೊಂಡ ಒಂದು ಸಂಘ ಇದೆ ಅಂದುಕೊಳ್ಳಿ. ಆ ಸಂಘಕ್ಕಾಗಿ ಸಂಬಳವಿಲ್ಲದೆ ಇಪ್ಪತ್ತು, ಮೂವತ್ತು ವರ್ಷ ದುಡಿದವರನ್ನು ಯಾರು ನೆನೆಯಬೇಕು? ಯಾಕೆ ನೆನೆಯಬೇಕು?

ಅಮೆರಿಕದಲ್ಲಿ ಅಂಥ ಒಂದು ಸಂಸ್ಥೆ ಇದೆ. ಹೆಸರು ಯುನೈಟೆಡ್ ಸ್ಟೇಟ್ಸ್ ಇನ್‌ಸ್ಟಿಟ್ಯೂಟ್ ಫಾರ್ ಥಿಯೇಟರ್ ಟೆಕ್ನಾಲಜಿ. ಚಿಕ್ಕದಾಗಿ ಯುಎಸ್‌ಐಟಿಟಿ ಅಂತಾರೆ. 1960ರಲ್ಲಿ ಶುರುವಾಯಿತು. ರಂಗಸಜ್ಜಿಕೆ, ವಸ್ತ್ರವಿನ್ಯಾಸ, ಬೆಳಕು, ಧ್ವನಿ, ರಂಗಮಂದಿರದ ವಾಸ್ತುಶಿಲ್ಪ, ಎಂಜಿನಿಯರಿಂಗ್, ಸುರಕ್ಷತೆ, ಹೀಗೆ ಪರದೆಯ ಹಿಂದಿನ ಎಲ್ಲ ಕಸುಬಿನವರೂ ಇದರಲ್ಲಿದ್ದಾರೆ. ವರ್ಷಕ್ಕೊಮ್ಮೆ ಬೇರೆ ಬೇರೆ ಊರಿನಲ್ಲಿ ಸಮ್ಮೇಳನ ನಡೆಯುತ್ತೆ. ಅಲ್ಲೇ ಪ್ರಶಸ್ತಿ ಕೊಡುತ್ತಾರೆ.

ಅದರಲ್ಲಿ ಒಂದು ಜೋಯೆಲ್ ಇ. ರೂಬಿನ್ ಫೌಂಡರ್ಸ್ ಅವಾರ್ಡ್. ಇದರ ವಿಶೇಷ ಏನು ಗೊತ್ತಾ? ಇದನ್ನು ಒಳ್ಳೆಯ ವಿನ್ಯಾಸಕ್ಕೆ ಕೊಡೋದಿಲ್ಲ. ಸಂಸ್ಥೆಗೆ ಸಲ್ಲಿಸಿದ ಗಣನೀಯ, ನಿರಂತರ ಸೇವೆಗೆ ಕೊಡುತ್ತಾರೆ. ವಿನ್ಯಾಸಕ್ಕೆ ಬೇರೆ ಪ್ರಶಸ್ತಿಗಳಿವೆ. ಸಂಸ್ಥೆಯ ಮೊದಲ ಅಧ್ಯಕ್ಷ ಥಾಮಸ್ ಡಿಗೇಟಾನಿ ಅವರ ಹೆಸರಿನಲ್ಲೂ ಒಂದು ಪ್ರಶಸ್ತಿ ಇದೆ. ಅದು ಸಮ್ಮೇಳನ ನಡೆಯುವ ಪ್ರದೇಶದಲ್ಲಿ ರಂಗಭೂಮಿಗಾಗಿ ಜೀವಮಾನವಿಡೀ ದುಡಿದವರಿಗೆ ಸಲ್ಲುತ್ತೆ.

ಈ ರೂಬಿನ್ ಯಾರು? ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ನ್ಯೂಯಾರ್ಕಿನ ಕ್ಲೀಗಲ್ ಬ್ರದರ್ಸ್ ಎಂಬ ಬೆಳಕಿನ ಉಪಕರಣಗಳ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಝಗಮಗಿಸುವ ದೊಡ್ಡ ದೀಪಕ್ಕೆ ‘ಕ್ಲೀಗ್ ಲೈಟ್’ ಅನ್ನುವ ಹೆಸರು ಬಂದದ್ದು ಇದೇ ಕಂಪನಿಯಿಂದ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮೀಟಿಂಗಿಗೆ ಹೋಗಿ, ನಡಾವಳಿ ಬರೆದು, ಸಮಿತಿಯಲ್ಲಿ ಕೂತು ವಾದ ಮಾಡುವ ಕೆಲಸಕ್ಕೆ ಪ್ರಶಸ್ತಿ ಯಾಕೆ ಬೇಕು?

ಒಂದು ಉದಾಹರಣೆ ನೋಡಿ. 1980ರ ದಶಕದ ನಡುವಿನವರೆಗೂ ರಂಗದ ಬೆಳಕಿನ ಉಪಕರಣಗಳಲ್ಲಿ ದೊಡ್ಡ ತಲೆನೋವಿತ್ತು. ದೀಪದ ಪ್ರಖರತೆ ಏರಿಸಿ ಇಳಿಸುವ ಪೆಟ್ಟಿಗೆಗೆ ಡಿಮ್ಮರ್ ಅಂತಾರೆ. ಅದನ್ನು ದೂರದಿಂದ ನಿಯಂತ್ರಿಸುವ ಫಲಕಕ್ಕೆ ಕನ್ಸೋಲ್ ಅಂತಾರೆ. ಹಳೆಯ ವ್ಯವಸ್ಥೆಯಲ್ಲಿ ಒಂದೊಂದು ಡಿಮ್ಮರಿಗೂ ಕನ್ಸೋಲಿನಿಂದ ಪ್ರತ್ಯೇಕ ತಂತಿ ಎಳೆಯಬೇಕಿತ್ತು. ಆಮೇಲೆ ಡಿಜಿಟಲ್ ಬಂತು ನಿಜ, ಆದರೆ ಒಂದೊಂದು ಕಂಪನಿಯದೂ ಒಂದೊಂದು ಭಾಷೆ. ಒಬ್ಬರ ಕನ್ಸೋಲ್ ಇನ್ನೊಬ್ಬರ ಡಿಮ್ಮರ್ ಜೊತೆ ಮಾತಾಡುತ್ತಲೇ ಇರಲಿಲ್ಲ. ಒಂದು ಕಂಪನಿಯ ಸಾಮಾನು ಕೊಂಡರೆ ಕೊನೆತನಕ ಅವರ ಹತ್ತಿರವೇ ಕೊಳ್ಳಬೇಕು.

ಯುಎಸ್‌ಐಟಿಟಿ ವೇದಿಕೆಯಲ್ಲಿ ಈ ಕ್ಷೇತ್ರದವರು, ಅಂದ್ರೆ ವ್ಯಾಪಾರದಲ್ಲಿ ಪರಸ್ಪರ ಪೈಪೋಟಿ ನಡೆಸುವವರೂ ಸೇರಿ, ಒಟ್ಟಿಗೆ ಕೂತರು. 1986ರಲ್ಲಿ ಒಂದು ಸಾಮಾನ್ಯ ಭಾಷೆ ರೂಪಿಸಿದರು. ಅದೇ ಡಿಎಂಎಕ್ಸ್512. ಒಂದೇ ಕೇಬಲ್ಲಿನಲ್ಲಿ 512 ಚಾನೆಲ್. ಪ್ರತಿ ಚಾನೆಲ್ಲಿಗೆ 0ಯಿಂದ 255ರವರೆಗೆ ಒಂದು ಸಂಖ್ಯೆ. 0 ಅಂದ್ರೆ ದೀಪ ಪೂರ್ತಿ ಆರಿದೆ, 255 ಅಂದ್ರೆ ಪೂರ್ತಿ ಉರಿಯುತ್ತಿದೆ. 1990ರಲ್ಲಿ ಅದನ್ನು ತಿದ್ದಿದರು. ಮುಂದೆ ಇನ್ನೊಂದು ಸಂಸ್ಥೆ ಅದರ ನಿರ್ವಹಣೆ ವಹಿಸಿಕೊಂಡು, ಅದು ಅಮೆರಿಕದ ರಾಷ್ಟ್ರೀಯ ಮಾನದಂಡವೂ ಆಯಿತು.

ಇದರ ಫಲ ಎಲ್ಲಿಗೆ ಮುಟ್ಟಿದೆ? ನಮ್ಮೂರಿನ ಆರ್ಕೆಸ್ಟ್ರಾದಲ್ಲಿ ಬಣ್ಣ ಬದಲಿಸುತ್ತಾ ತಿರುಗುವ ಎಲ್‌ಇಡಿ ದೀಪದ ಬೆನ್ನು ನೋಡಿ. ‘ಡಿಎಂಎಕ್ಸ್ ಇನ್’, ‘ಡಿಎಂಎಕ್ಸ್ ಔಟ್’ ಅಂತ ಬರೆದಿರುತ್ತೆ. ಎಲ್ಲೋ ತಯಾರಾದ ದೀಪ, ಇನ್ನೆಲ್ಲೋ ತಯಾರಾದ ಕನ್ಸೋಲ್, ಎರಡನ್ನೂ ಬಾಡಿಗೆಗೆ ತಂದ ನಮ್ಮ ಹುಡುಗ ಒಂದು ಕೇಬಲ್ ಚುಚ್ಚುತ್ತಾನೆ, ಕೆಲಸ ಮಾಡುತ್ತೆ. ಆ ಮೀಟಿಂಗುಗಳಲ್ಲಿ ಕೂತವರ ಹೆಸರು ಆ ಹುಡುಗನಿಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಸಂಘದ ಸೇವೆ ಅಂದ್ರೆ ಇದೇ: ಚೆನ್ನಾಗಿ ಆದಷ್ಟೂ ಕಣ್ಣಿಗೆ ಬೀಳೋದಿಲ್ಲ.

ಎರಡನೇ ಕಾರಣ ಇನ್ನೂ ಗಂಭೀರ. ರಂಗದ ಮೇಲೆ ವಿದ್ಯುತ್ತು ಇದೆ, ಬಟ್ಟೆ ಇದೆ, ತಲೆಯ ಮೇಲೆ ನೇತಾಡುವ ಭಾರ ಇದೆ. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೋಕ್ವಾ ಥಿಯೇಟರಿನಲ್ಲಿ ಆರ್ಕ್ ದೀಪದ ಕಿಡಿ ಪರದೆಗೆ ತಾಗಿತು. ಬೆಂಕಿ ತಡೆಯುವ ಪರದೆ ಅರ್ಧದಲ್ಲೇ ಸಿಕ್ಕಿಹಾಕಿಕೊಂಡಿತು. ಅನೇಕ ಬಾಗಿಲು ತೆರೆಯಲಿಲ್ಲ. ಸತ್ತವರು 600ಕ್ಕೂ ಹೆಚ್ಚು. ಆ ಥಿಯೇಟರ್ ಶುರುವಾಗಿ ಆರು ವಾರವೂ ಆಗಿರಲಿಲ್ಲ. ನಮ್ಮಲ್ಲೂ 1981ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಮಕ್ಕಳು. ಕಾನೂನು ಇದ್ದರಷ್ಟೇ ಸಾಲದು ನೋಡಿ. ಹಗ್ಗ ಎಷ್ಟು ಭಾರ ತಡೆಯುತ್ತೆ, ಬಟ್ಟೆಗೆ ಬೆಂಕಿ ತಡೆಯುವ ಲೇಪ ಮಾಡೋದು ಹೇಗೆ, ಹೊಸಬರಿಗೆ ಇದನ್ನೆಲ್ಲ ಕಲಿಸೋರು ಯಾರು? ಕಸುಬಿನವರ ಸಂಘ ಮಾಡಬೇಕಾದ ಕೆಲಸ ಇದು.

ಹಾಗಂತ ನಮ್ಮಲ್ಲಿ ನೇಪಥ್ಯದವರಿಗೆ ಮನ್ನಣೆ ಇಲ್ಲವೇ ಇಲ್ಲ ಅನ್ನಲಾಗದು. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಬೆಳಕಿನ ವಿನ್ಯಾಸಕ್ಕೂ ಪ್ರಶಸ್ತಿ ಕೊಟ್ಟಿದೆ. ಬಂಗಾಳದ ತಾಪಸ್ ಸೇನ್, ನಮ್ಮವರೇ ಆದ ವಿ. ರಾಮಮೂರ್ತಿ ಆ ಗೌರವ ಪಡೆದವರು. ಆದರೆ ಅದು ಅವರ ಕಲೆಗೆ ಸಂದ ಗೌರವ. ಕಸುಬಿನವರನ್ನು ಒಟ್ಟುಗೂಡಿಸಿದ್ದಕ್ಕೆ, ನಿಯಮ ಬರೆದಿದ್ದಕ್ಕೆ, ಕಿರಿಯರಿಗೆ ದಾರಿ ಮಾಡಿಕೊಟ್ಟಿದ್ದಕ್ಕೆ ಸಲ್ಲುವ ಗೌರವವೇ ಬೇರೆ. ಮೊದಲನೆಯದು ‘ನೀವು ದೊಡ್ಡ ಕಲಾವಿದರು’ ಅನ್ನುತ್ತೆ. ಎರಡನೆಯದು ‘ನೀವಿದ್ದಿದ್ದರಿಂದ ನಮ್ಮ ಕೆಲಸ ಸುಲಭವಾಯಿತು’ ಅನ್ನುತ್ತೆ.

ಇದರಲ್ಲೊಂದು ಅಪಾಯವೂ ಇದೆ. ಸನ್ಮಾನ ಅನ್ನೋದು ಕೆಲವೊಮ್ಮೆ ಬೀಳ್ಕೊಡುಗೆಯಾಗಿಬಿಡುತ್ತೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆದು, ಇನ್ನು ಮನೆಗೆ ಹೋಗಿ ಅಂದಂತೆ. ಮೂವತ್ತು ವರ್ಷ ಸಮಿತಿಯಲ್ಲಿದ್ದವರಿಗೆ ಯಾವ ನಿರ್ಧಾರವನ್ನು ಯಾಕೆ ತೆಗೆದುಕೊಂಡೆವು ಅನ್ನೋದು ನೆನಪಿರುತ್ತೆ. ಎಷ್ಟೋ ಸಲ ಆ ನೆನಪು ಕಡತದಲ್ಲಿರೋದಿಲ್ಲ, ತಲೆಯಲ್ಲಿರುತ್ತೆ. ಹಾಗಾಗಿ ಫಲಕ ಕೊಡುವ ದಿನವೇ ಅವರನ್ನು ಕೂರಿಸಿ, ಮಾತಾಡಿಸಿ, ಅದನ್ನು ಬರೆದಿಟ್ಟುಕೊಳ್ಳುವ ಸಂಘ ಬದುಕುತ್ತೆ. ಬರೀ ಫಲಕ ಕೊಟ್ಟ ಸಂಘ ಅದೇ ತಪ್ಪನ್ನು ಮತ್ತೆ ಮೊದಲಿನಿಂದ ಕಲಿಯುತ್ತೆ.

ನಮ್ಮ ತಾಲ್ಲೂಕಿನ ಹವ್ಯಾಸಿ ತಂಡಗಳಲ್ಲೂ ಇಂಥವರಿದ್ದಾರೆ. ಸಭಾಂಗಣ ಬುಕ್ ಮಾಡೋರು, ಲೆಕ್ಕ ಇಡೋರು, ಫ್ಯೂಸ್ ಹೋದರೆ ಟಾರ್ಚ್ ಹಿಡಿದು ಓಡೋರು. ಅವರಿಗೆ ಸನ್ಮಾನ ಮಾಡಬೇಕು ಅನಿಸಿದರೆ, ಅವರು ಕೆಲಸ ಬಿಡುವವರೆಗೆ ಕಾಯಬೇಡಿ. ಈಗಲೇ ಮಾಡಿ. ಜೊತೆಗೆ ಇಬ್ಬರು ಚಿಕ್ಕ ವಯಸ್ಸಿನವರನ್ನು ಅವರ ಪಕ್ಕದಲ್ಲಿ ಕೆಲಸಕ್ಕೆ ಹಾಕಿ.