ತೊಟ್ಟಿಲೂ ಗಣಕಯಂತ್ರವೂ

ಜೀವನೋಪಾಯಕ್ಕಲ್ಲದೆ ಕೇವಲ ವಿನೋದಕ್ಕಾಗಿ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವ ತರುಣರು ಈಗ ಅನೇಕ ಮನೆಗಳಲ್ಲಿದ್ದಾರೆ. ಇದು ಅಖಂಡವಾದ ಏಕಾಗ್ರತೆಯನ್ನು ಬೇಡುವ ಕೆಲಸ. ಹಸುಗೂಸಾದರೋ ಎರಡು ಮೂರು ಗಂಟೆಗಳಿಗೊಮ್ಮೆ ಹಾಲಿಗಾಗಿ ಅಳುವುದು. ಇವೆರಡಕ್ಕೂ ಹೊಂದಿಕೆಯೆಂತು?

ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬವರು ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, 1991ರಲ್ಲಿ, ಯಂತ್ರದ ವ್ಯವಹಾರವನ್ನು ನಡೆಯಿಸುವ ಲಿನಕ್ಸ್ ಎಂಬ ಮೂಲ ಪ್ರೋಗ್ರಾಮನ್ನು ಹವ್ಯಾಸವೆಂದೇ ಆರಂಭಿಸಿದರು. 1996ರ ಡಿಸೆಂಬರಿನಲ್ಲಿ ಅವರಿಗೆ ಮೊದಲ ಮಗಳೂ 1998ರಲ್ಲಿ ಎರಡನೆಯವಳೂ ಜನಿಸಿದರು. ಅಷ್ಟರಲ್ಲಿ ಆ ಹವ್ಯಾಸವು ಲೋಕವ್ಯಾಪಿಯಾಗಿ, ಅನ್ಯರು ಕಳುಹಿಸಿದ ತಿದ್ದುಪಡಿಗಳು ರಾಶಿಬಿದ್ದಿದ್ದವು. ಆ ವರ್ಷದ ಶರತ್ಕಾಲದಲ್ಲಿ ಸಹಕಾರಿಗಳು ಗೊಣಗಿದರು; ಒಬ್ಬರಿಂದಲೇ ಎಲ್ಲವೂ ಸಾಗದೆಂಬುದು ಸ್ಪಷ್ಟವಾಯಿತು. ಕ್ರಮೇಣ ಕೆಲಸವು ನಂಬಿಕೆಯವರಲ್ಲಿ ಹಂಚಿಹೋಯಿತು. ಅದಕ್ಕೆ ಅನುಕೂಲವಾದ ಗಿಟ್ ಎಂಬ ಸಾಧನವನ್ನು 2005ರಲ್ಲಿ ಅವರೇ ರಚಿಸಿದರು.

ನಮ್ಮ ತರುಣರೂ ಹವ್ಯಾಸವನ್ನು ತ್ಯಜಿಸಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟನ್ನೇ ಕೈಗೆತ್ತಿಕೊಂಡು, ಉಳಿದುದೇನೆಂದು ಒಂದು ಸಾಲು ಬರೆದಿಟ್ಟು ಏಳಬಹುದು. ಆದರೆ ಇರುಳಿನ ಜಾಗರಣೆಯನ್ನೆಲ್ಲ ಬಾಣಂತಿಗೇ ಬಿಟ್ಟು ಯಂತ್ರದ ಮುಂದೆ ಕೂರುವವನ ಏಕಾಗ್ರತೆಯನ್ನು ನಾವು ಶ್ಲಾಘಿಸಲಾರೆವು. ಮೊಲೆಯೂಡುವುದು ತಾಯಿಯಿಂದಲೇ ಆಗಬೇಕು, ದಿಟ. ಒದ್ದೆಬಟ್ಟೆ ಬದಲಿಸುವುದಕ್ಕೂ ತೊಟ್ಟಿಲು ತೂಗುವುದಕ್ಕೂ ತಂದೆಯ ಕೈ ಸಲ್ಲುವುದು.